ಕೆಳಗಿನ ಖಾನೆಯ ಗೆಣಸು

ಆ ಬೆಳಿಗ್ಗೆ ಮೋಡವಿರಲಿಲ್ಲ, ಮಳೆಯ ಸುಳಿವೂ ಇರಲಿಲ್ಲ. ಆದರೂ ಚಳಿ ಮೂಳೆಗೆ ಇಳಿದಿತ್ತು. ಪೂರ್ವ ಜಾವಾದಲ್ಲಿ ಮಳೆ ಹಿಂದೆಗೆದು ಒಣಗಾಳಿ ಬೀಸತೊಡಗಿದಾಗ ಒಂದಷ್ಟು ದಿನ ಹೀಗೆ. ಕಬ್ಬಿನ ಸೋಗೆಯ ಮೇಲೆ ಕೂತ ಇಬ್ಬನಿಗೆ ಹೊತ್ತು ಮೂಡಿದ ಮೇಲೂ ಏಳುವ ಮನಸ್ಸಿರುವುದಿಲ್ಲ. ಗುನಾದಿ ಮುಂಜಾನೆಯ ನಮಾಜು ಮುಗಿಸಿ ನೇರ ಸಕ್ಕರೆ ಕಾರ್ಖಾನೆಯ ವೆಲ್ಡಿಂಗ್ ಶೆಡ್ಡಿಗೆ ಬಂದ. ಕಬ್ಬು ಅರೆಯುವ ರೋಲರಿನ ಹಳೆಯ ಶಾಫ್ಟು ದಪ್ಪ ಕಂಬಳಿ ಹೊದ್ದು, ಬಾಣಂತಿಯ ಹಾಗೆ ಬೆಚ್ಚಗೆ ಮಲಗಿತ್ತು.

ಬೆಸುಗೆಯಾದ ಮೇಲೆ ಎರಡು ದಿನ ಅದನ್ನು ಯಾರೂ ಮುಟ್ಟಬಾರದು ಎಂದು ವೆನಿಂಗ್ ಹೇಳಿದ್ದಳು. ಲೋಹ ಮೆಲ್ಲಗೆ ಆರಬೇಕು. ಒಳಗೆ ಬಿರುಕು ಹುಟ್ಟುವುದಿದ್ದರೆ ಬಿಸಿಯಲ್ಲಿ ಹುಟ್ಟುವುದಿಲ್ಲ. ಎಲ್ಲ ತಣ್ಣಗಾದ ಮೇಲೆ, ಯಾರೂ ನೋಡದಾಗ ಹುಟ್ಟುತ್ತದೆ. “ಮನುಷ್ಯರ ಹಾಗೇ ಅನ್ನಿ,” ಎಂದು ಗುನಾದಿ ಅಂದಾಗ ಅವಳು ನೋಟ್‌ಬುಕ್ಕಿನಿಂದ ಕಣ್ಣೆತ್ತಿ, ಒಂದೇ ಹುಬ್ಬು ಏರಿಸಿ ನೋಡಿದ್ದಳು. ಆ ಹುಬ್ಬು ಎರಡು ದಿನದಿಂದ ಅವನ ಪ್ರಾರ್ಥನೆಯ ನಡುವೆಯೂ ಬಂದು ನಿಲ್ಲುತ್ತಿತ್ತು.

ಸುರಬಾಯದ ವಿಶ್ವವಿದ್ಯಾಲಯದಲ್ಲಿ ಅವಳ ಪಿಎಚ್‌ಡಿ. ಸವೆದ ಯಂತ್ರಭಾಗವನ್ನು ಗುಜರಿಗೆ ಎಸೆಯದೆ, ಪದರದ ಮೇಲೆ ಪದರ ಲೋಹ ಕೂಡಿಸಿ ಮತ್ತೆ ಹೊಸದಾಗಿಸುವ ವಿದ್ಯೆ. ಮೇಲಿನ ಪದರಗಳನ್ನು ಅವಳು ತಂದ ಯಂತ್ರದ ತೋಳು ಹಾಕುತ್ತಿತ್ತು. ಅಡಿಯ ಪದರಕ್ಕೆ ಮಾತ್ರ ಮನುಷ್ಯನ ಕೈ ಬೇಕು. ಆ ಕೈ ಗುನಾದಿಯದು. ಶಾಫ್ಟು ಗೆದ್ದರೆ ಹಂಗಾಮಿನ ಐದು ತಿಂಗಳೂ ಅವಳು ಇಲ್ಲೇ ಉಳಿದು ಅದರ ಸವೆತ ಅಳೆಯುತ್ತಾಳೆ. ಸೋತರೆ ಈ ವರ್ಷ ಕಾರ್ಖಾನೆಯ ಬಾಗಿಲು ತೆರೆಯುವುದಿಲ್ಲ, ಅವಳೂ ಇರುವುದಿಲ್ಲ. ಆ ಐದು ತಿಂಗಳನ್ನು ಗುನಾದಿ ದೇವರಲ್ಲಿ ಬೇಡಿಕೊಂಡಿದ್ದ. ಕಾರ್ಖಾನೆಗಾಗಿ ಬೇಡಿಕೊಂಡೆ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಅವಳು ಬಂದ ಮೊದಲ ದಿನ ಕಿಡಿ ನೋಡಲು ತೆಳು ಬಣ್ಣದ ಗಾಜು ಹಿಡಿದು ನಿಂತಿದ್ದಳು. ಅವನು ಅದನ್ನು ಕಿತ್ತುಕೊಂಡು, ತನ್ನ ಅಪ್ಪ ಬಳಸುತ್ತಿದ್ದ ಕಪ್ಪು ಗಾಜನ್ನು ಅವಳ ಕೈಗಿಟ್ಟ.

“ಆ ತೆಳು ಗಾಜಲ್ಲಿ ನೋಡಿದ್ರೆ ಸಂಜೆಗೆ ಕಣ್ಣಲ್ಲಿ ಮರಳು ಸುರಿದ ಹಾಗಾಗುತ್ತೆ, ಎಂಬಾಕ್,” ಎಂದ. ಅಕ್ಕ ಎನ್ನುವ ಹಾಗೆ ಅಲ್ಲಿ ಹೆಂಗಸರನ್ನು ಕರೆಯುವುದು ಹಾಗೆ.

“ಯಾವಾಗ ವಾಪಸ್ ಕೊಡ್ಲಿ, ಮಾಸ್?”

“ಶಾಫ್ಟ್ ತಿರುಗಿದ ದಿನ.”

“ತಿರುಗದೇ ಹೋದ್ರೆ?”

ಅವನು ಬಿಸ್ಮಿಲ್ಲಾ ಎಂದು ಕಿಡಿ ಹಚ್ಚಿದ. ಮಾಸ್ ಎಂದು ಅಣ್ಣನನ್ನು ಕರೆಯುತ್ತಾರೆ, ಗಂಡನನ್ನೂ ಕರೆಯುತ್ತಾರೆ. ಆ ದಿನ ಅವನಿಗೆ ಬೆಸುಗೆಯ ಗೆರೆ ನೇರ ಬರಲಿಲ್ಲ.

ಅವಳು ಬಾಡಿಗೆ ಕೋಣೆಯಿಂದ ಖಾಲಿ ಹೊಟ್ಟೆಯಲ್ಲೇ ಓಡಿಬರುತ್ತಿದ್ದಳು. ಶೆಡ್ಡಿನಲ್ಲಿ ವೆಲ್ಡಿಂಗ್ ರಾಡುಗಳು ತೇವ ಹಿಡಿಯದಂತೆ ಬೆಚ್ಚಗಿಡುವ ಒಂದು ಓವನ್ ಇತ್ತು. ಬೀಗದ ಕೈ ಗುನಾದಿಯ ಬಳಿ. ಮರುದಿನದಿಂದ ಅದರ ಕೆಳಗಿನ ಖಾನೆಯಲ್ಲಿ ಎರಡು ಗೆಣಸು ಬೇಯತೊಡಗಿದವು. ಅವನಪ್ಪನೂ ಇಟ್ಟಿದ್ದ, ಅಪ್ಪನ ಗುರುವೂ ಇಟ್ಟಿದ್ದ. ಹಿಂದಿನ ಒರಟು ಕೆಲಸಕ್ಕೆ ಅದರಿಂದ ಕೇಡಿರಲಿಲ್ಲ. ಅವಳು ಬೆರಳು ಸುಟ್ಟುಕೊಳ್ಳುತ್ತ ಸಿಪ್ಪೆ ಸುಲಿದು, ದೊಡ್ಡ ತುಂಡು ಅವನಿಗೆ ಕೊಟ್ಟು, ಸಣ್ಣದನ್ನು ಊದಿ ಊದಿ ತಿನ್ನುತ್ತಿದ್ದಳು. ಹಿರಿಯ ಮೆಕ್ಯಾನಿಕ್ ಕಸನ್ ಅದನ್ನು ನೋಡಿ, ಮೂವತ್ತು ವರ್ಷ ಈ ಶೆಡ್ಡಿನ ಮಣ್ಣು ಹೊತ್ತೆ, ನನಗೆ ಒಂದು ಗೆಣಸೂ ಬೇಯಲಿಲ್ಲವಲ್ಲ ಎಂದು ರೇಗಿಸುತ್ತಿದ್ದ.

ಈಗ ಅವಳು ಬಂದಳು. ಕಂಬಳಿ ಸರಿಸಿ, ಲೋಹದೊಳಗೆ ಶಬ್ದ ಹಾಯಿಸಿ ನೋಡುವ ಪುಟ್ಟ ಯಂತ್ರವನ್ನು ಶಾಫ್ಟಿನ ಮೈಮೇಲೆ ಒತ್ತಿ ನಡೆದಳು. ಒಂದು ಸುತ್ತು, ಎರಡು, ಮೂರು. ಮೂರನೆಯದರಲ್ಲಿ ಒಂದೇ ಕಡೆ ನಿಂತಳು. ಬಿರುಕು ಯಂತ್ರದ ಪದರದಲ್ಲಿರಲಿಲ್ಲ. ಕೈಯಿಂದ ಹಾಕಿದ ಅಡಿಯ ಪದರದಲ್ಲಿತ್ತು, ಅರ್ಧ ಶಾಫ್ಟಿನುದ್ದಕ್ಕೂ. ರಾಡಿಗೆ ನೀರಿನಂಶ ಹತ್ತಿರಬೇಕು ಎಂದ ಕಸನ್. ವೆನಿಂಗ್ ಓವನ್ ತೆರೆದಳು. ಕೆಳಗಿನ ಖಾನೆಯ ಸರಳಿಗೆ ಗೆಣಸಿನ ಸಿಪ್ಪೆಯ ಚೂರೊಂದು ಅಂಟಿತ್ತು. ಅವಳು ನೋಡಿದ್ದನ್ನು ಗುನಾದಿ ನೋಡಿದ. ಅವಳು ಬಾಗಿಲು ಮುಚ್ಚಿ, ಕಾರಣ ವಿಚಾರಿಸಬೇಕು ಎಂದಷ್ಟೇ ಎಲ್ಲರಿಗೂ ಹೇಳಿದಳು.

ಮಧ್ಯಾಹ್ನ ಶೆಡ್ಡಿನ ಹಿಂದೆ ಅವನು ಅವಳೆದುರು ನಿಂತ.

“ಗೆಣಸಿಟ್ಟೋನು ನಾನು. ಅದರ ಹಬೆ ರಾಡಿಗೆ ಹತ್ತಿದೆ.”

“ಗೊತ್ತು,” ಎಂದಳು. “ಮೊದಲ ದಿನವೇ ಸಿಪ್ಪೆಗೆ ರಾಡಿನ ವಾಸನೆ ಬಡಿದಿತ್ತು. ಎಲ್ಲಿ ಬೆಂದದ್ದು ಅಂತ ಆಗಲೇ ತಿಳೀತು. ನೀವು ರೂಢಿಯ ಹಾಗೆ ಮಾಡಿದ್ರಿ ಮಾಸ್, ಓದಿದವಳು ನಾನು. ಬೇಡ ಅನ್ನಬೇಕಿತ್ತು.”

“ಯಾಕೆ ಅನ್ಲಿಲ್ಲ?”

ಅವಳು ಕಬ್ಬಿನ ಗದ್ದೆಯ ಕಡೆ ತಿರುಗಿದಳು.

“ಬೇಡ ಅಂದಿದ್ರೆ ಮರುದಿನ ನೀವು ತರ್ತಿರಲಿಲ್ಲ.”

ಮೂರು ತಿಂಗಳಿಂದ ಅವನು ಕೇಳಬೇಕೆಂದಿದ್ದ ಮಾತು ಅದೇ. ಬಂದಾಗ ಅದಕ್ಕೆ ಕೂರಲು ಜಾಗವಿರಲಿಲ್ಲ. ಒಳಗೆ ಇನ್ನೂರು ಜನ ತಮ್ಮ ಹಂಗಾಮು ಹೋಯಿತೆಂದು ಪಿಸುಗುಟ್ಟುತ್ತಿದ್ದರು. ಅವರ ಕೂಳಿನ ಮೇಲೆ ತಮ್ಮ ಸುಖದ ಎಲೆ ಹಾಕಿಕೊಳ್ಳಲು ಇಬ್ಬರಿಗೂ ಮನಸ್ಸಾಗಲಿಲ್ಲ. ಬನ್ನಿ ಎಂದು ಅವಳು ಕರೆಯಲಿಲ್ಲ, ಇರಿ ಎಂದು ಅವನು ಬೇಡಲಿಲ್ಲ. ತಪ್ಪು ತನ್ನದೇ ಎಂದು ಅವಳು ವರದಿ ಬರೆದಳು. ತನ್ನದೆಂದು ಅವನು ಕಸನ್‌ಗೆ ಹೇಳಿದ. ಕಸನ್ ಇಬ್ಬರನ್ನೂ ಬಯ್ಯಲಿಲ್ಲ. ಆದರೆ ಆಮೇಲೆ ಎಂದೂ ಗೆಣಸಿನ ಮಾತೆತ್ತಲಿಲ್ಲ.

ನಾಲ್ಕು ದಿನಕ್ಕೆ, ಹಂಗಾಮು ಶುರುಮಾಡುವ ಕಬ್ಬಿನ ಮದುವೆ. ಪಂಚಾಂಗ ನೋಡಿ ಇಟ್ಟ ದಿನವನ್ನು ಮುಂದೂಡುವಂತಿಲ್ಲ. ಎರಡು ಒಳ್ಳೆಯ ಜಲ್ಲೆ ಆರಿಸಿ, ಒಂದಕ್ಕೆ ಮದುಮಗನ ಟೊಪ್ಪಿ, ಇನ್ನೊಂದಕ್ಕೆ ಮಲ್ಲಿಗೆ ದಂಡೆ ತೊಡಿಸಿ, ವಾಲಗದೊಂದಿಗೆ ತಂದರು. ಪ್ರತಿ ವರ್ಷ ಆ ಜೋಡಿಯೇ ಮೊದಲು ರೋಲರಿನೊಳಗೆ ಹೋಗಿ ಒಂದೇ ರಸವಾಗುವುದು. ಈ ಸಲ ಹಿರಿಯರು ದುವಾ ಮಾಡಿ, ಜೋಡಿಯನ್ನು ಪಕ್ಕದ ಕಾರ್ಖಾನೆಯ ಲಾರಿಗೆ ಹತ್ತಿಸಿದರು.

“ಮದುವೆ ಇಲ್ಲಿ, ಪ್ರಸ್ತ ಪರವೂರಲ್ಲಿ,” ಎಂದ ಕಸನ್.

ಲಾರಿ ಹೊರಟಾಗ ಗುನಾದಿ ಕಣ್ಣು ಮುಚ್ಚಿ, ಕೈಯೆತ್ತಿ ಮತ್ತೊಮ್ಮೆ ಆಮೀನ್ ಅಂದ. ಕಾರ್ಖಾನೆಗಾಗಿ ಅಂದೆನೆಂದು ಈ ಸಲ ಅವನು ತನಗೆ ಹೇಳಿಕೊಳ್ಳಲಿಲ್ಲ. ಕಣ್ಣು ತೆರೆದಾಗ ವೆನಿಂಗ್ ಚೀಲ ಹೆಗಲಿಗೇರಿಸಿ ಎದುರು ನಿಂತಿದ್ದಳು. ಹೊರಗೆ ಸುರಬಾಯದ ಬಸ್ಸು ಹಾರನ್ ಹೊಡೆಯುತ್ತಿತ್ತು. ಅವಳು ಕರವಸ್ತ್ರ ಬಿಡಿಸಿ, ಕಪ್ಪು ಗಾಜನ್ನು ಒಮ್ಮೆ ಉಸಿರು ಹಾಯಿಸಿ ಒರೆಸಿ, ಅವನ ತೆರೆದ ಅಂಗೈಯ ಮೇಲೆ ಮೆಲ್ಲಗೆ ಇಟ್ಟಳು.