ಫ್ರಿಜ್ಜಿನ ಮೇಲಿನ ಕಾರ್ಡು

"ನಿಮ್ಮಮ್ಮನ ಪರಮಾಣು ಢಮಾರ್!" ಶಾಲೆಯ ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಾ ಸಹಪಾಠಿ ಗ್ಲೆಬ್ ಕಿರುಚಿದ. "ಒಂದು ನಿಮಿಷ ಬಾಳುತ್ತೆ ಅಂದಿದ್ರಂತೆ. ಕಣ್ಣು ಮಿಟುಕಿಸೋದ್ರೊಳಗೆ ಒಡೆದುಹೋಯ್ತಂತೆ!"

"ಸುಳ್ಳು ಬಿಡಬೇಡ ಕಣೋ!" ಎಂದಳು ವಾರ್ಯಾ.

"ಅಪ್ಪನೇ ಹೇಳಿದ್ರು, ಹೋಗೇ!"

ಗ್ಲೆಬ್‌ನ ಅಪ್ಪ ಕೆಲಸ ಮಾಡುವುದು ದುಬ್ನಾ ಊರಿನ ಪ್ರಯೋಗಾಲಯದ ದೊಡ್ಡ ಯಂತ್ರದ ಬಳಿ. ತುಂಬಾ ಭಾರದ ಪರಮಾಣುಗಳನ್ನು ಅಲ್ಲಿ ಹೊಸದಾಗಿ ಮಾಡುತ್ತಾರೆ. ಅವು ಎಷ್ಟು ಹೊತ್ತು ಒಡೆಯದೆ ಇರುತ್ತವೆ ಎಂದು ಮೊದಲೇ ಲೆಕ್ಕ ಹಾಕುವುದು ವಾರ್ಯಾಳ ಅಮ್ಮನ ಕೆಲಸ. ಈ ಒಂದರ ಲೆಕ್ಕಕ್ಕೆ ಅಮ್ಮ ಎರಡು ಚಳಿಗಾಲ ಸವೆಸಿದ್ದಳು. "ಯಾವಾಗಮ್ಮ ಮುಗಿಯೋದು?" ಎಂದು ವಾರ್ಯಾ ದಿನಾ ಪೀಡಿಸುತ್ತಿದ್ದಳು.

ಮನೆಯ ದಾರಿಯುದ್ದಕ್ಕೂ ಅವಳಿಗೆ ನೆನಪಾದದ್ದು ಫ್ರಿಜ್ಜಿನ ಮೇಲಿನ ಕಾರ್ಡು. 'ಅಮ್ಮ ಗೆದ್ದಳು! ಅಭಿನಂದನೆ!' ಎಂದು ಕೆಂಪು ಪೆನ್ನಿನಲ್ಲಿ ಬರೆದು, ಫಲಿತಾಂಶ ಬರುವ ಮುಂಚೆಯೇ ಅಂಟಿಸಿಬಿಟ್ಟಿದ್ದಳು. ಮುಂಚಿತವಾಗಿ ಶುಭಾಶಯ ಹೇಳಿದರೆ ಕೆಲಸ ಕೆಡುತ್ತದೆ ಎಂದು ಅಜ್ಜಿ ಎಷ್ಟು ಸಲ ಗದರಿದ್ದಳು! ಹುಟ್ಟುಹಬ್ಬಕ್ಕೂ ಹಿಂದಿನ ದಿನ ಯಾರೂ ಹಾರೈಸುವಂತಿರಲಿಲ್ಲ. ವಾರ್ಯಾ ಓಡತೊಡಗಿದಳು.

ಅಡುಗೆಮನೆಯಲ್ಲಿ ಅಮ್ಮ ಕೋಟು ಬಿಚ್ಚದೆ ಕೂತಿದ್ದಳು. ದೀಪ ಹಾಕಿರಲಿಲ್ಲ. ಮುಂದಿದ್ದ ಚಹಾ ಆರಿಹೋಗಿತ್ತು.

ವಾರ್ಯಾ ಕಾರ್ಡನ್ನು ಸರಕ್ಕನೆ ಕಿತ್ತಳು. "ಎಲ್ಲಾ ನನ್ನಿಂದಾನೇ ಆಯ್ತಮ್ಮ. ಅಜ್ಜಿ ಬೇಡ ಅಂದಿದ್ಲು. ಆದ್ರೂ ಮುಂಚೇನೇ ಅಂಟಿಸಿಬಿಟ್ಟೆ..."

"ಅಯ್ಯೋ ಪೆದ್ದೀ," ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. "ಎರಡು ವರ್ಷ ಅದರ ಹಿಂದೆ ಬಿದ್ದಿದ್ದೆ. ನನ್ನ ಮಾತೇ ಕೇಳಲಿಲ್ಲ ಅದು. ಇನ್ನು ನಿನ್ನ ಕಾರ್ಡು ಓದುತ್ತಾ?"

"ಹಾಗಾದ್ರೆ ಗ್ಲೆಬ್ ಅಪ್ಪ ಅಳೆದ ಉತ್ತರಾನೇ ಬರ್ಕೊಂಡುಬಿಡಮ್ಮ."

"ಇದೊಂದು ಸರಿಹೋಗಲಿ ಅಂತ ಲೆಕ್ಕ ತಿರುಚಿದ್ರೆ, ಇಷ್ಟು ದಿನ ಸರಿ ಬರ್ತಿದ್ದ ಬೇರೆ ಪರಮಾಣುಗಳ ಉತ್ತರ ಎಲ್ಲಾ ತಪ್ಪಾಗುತ್ತೆ ಕಣೇ. ಬುಡದಿಂದಾನೇ ಶುರು ಮಾಡ್ಬೇಕು."

ಹೇಳುತ್ತಾ ಹೇಳುತ್ತಾ ಅಮ್ಮನ ದನಿ ಒಡೆಯಿತು. ಅಮ್ಮ ಅಳುವುದನ್ನು ವಾರ್ಯಾ ನೋಡಿಯೇ ಇರಲಿಲ್ಲ. ತನ್ನ ತಪ್ಪಲ್ಲ ಎಂದು ತಿಳಿದ ಮೇಲೆ ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ತಪ್ಪು ತನ್ನದಾಗಿದ್ದರೆ 'ಸಾರಿ' ಅನ್ನಬಹುದಿತ್ತು.

ಅವಳು ದೀಪ ಹಾಕಿದಳು. ಚಹಾಕ್ಕೆ ಮತ್ತೆ ನೀರಿಟ್ಟಳು.

ಅಮ್ಮ ಕಣ್ಣೊರೆಸಿಕೊಂಡು, ಕಾರ್ಡನ್ನು ಮಗುಚಿ, ಖಾಲಿ ಬದಿಯಲ್ಲಿ ಹೊಸ ಲೆಕ್ಕದ ಒಂದು ಸಾಲು ಗೀಚಿದಳು. ಅದನ್ನು ಹೊಡೆದುಹಾಕಿ ಕೆಳಗೆ ಇನ್ನೊಂದು ಬರೆದಳು. ವಾರ್ಯಾ ತನ್ನ ಪೆನ್ಸಿಲನ್ನು ಚೂಪು ಮಾಡಿ ಅಮ್ಮನ ಪಕ್ಕದಲ್ಲಿಟ್ಟಳು. ಯಾವಾಗ ಮುಗಿಯುತ್ತದೆ ಎಂದು ಈ ಸಲ ಕೇಳಲಿಲ್ಲ.