ಬೆಳ್ಳಿ ಕರಡಿಗೆ ಬಿಟ್ಟು ಹೋದವರು

ಕಾರ್ತಿಕ ಮಾಸದ ಸೋಮವಾರ, ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ವಯಸ್ಸಾದ ದಂಪತಿಗಳಿಬ್ಬರು ಮಧುಗಿರಿ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಗಂಡನ ಎಡಗಣ್ಣಿಗೆ ಹಸಿರು ಪಟ್ಟಿ, ಕಾಲಿನಲ್ಲಿ ಸ್ವಲ್ಪ ಕುಂಟು. ಹೆಂಡತಿ ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡವರು ಹಾಗೆಯೇ ಬಂದಿದ್ದರು. ಅವರ ಕೈಯಲ್ಲಿ ಬೆಳ್ಳಿಯ ಕರಡಿಗೆ ಇತ್ತು. ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಆ ಭರಣಿಯ ಬಾಯಿ ತೆರೆದಿತ್ತು. ಒಳಗೆ ಏನೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಯಶೋದ ಎದ್ದು ಕುರ್ಚಿ ಎಳೆದಳು.

"ಕೂತ್ಕೊಳ್ಳಿ ಅಮ್ಮ. ಏನು ಕಳೆದಿದೆ?"

"ಲಿಂಗ," ಎಂದರು ಆಕೆ.

ಹೆಸರು ಕಮಲಾಕ್ಷಮ್ಮ, ಊರು ಪಾವಗಡ. ಗಂಡ ಶಂಕರಲಿಂಗಪ್ಪ ನಿವೃತ್ತ ಮೇಷ್ಟರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲಿನ ತಪಾಸಣೆಗೆಂದು ಹಿಂದಿನ ದಿನವೇ ಬಂದು, ಬಸ್ ನಿಲ್ದಾಣದ ಎದುರಿನ ಗಿರಿಜಾ ಲಾಡ್ಜಿನ ಮಹಡಿಯಲ್ಲಿ ಇಳಿದಿದ್ದರು.

"ಬೆಳಿಗ್ಗೆ ಸ್ನಾನ ಮುಗಿಸಿ ಪೂಜೆಗೆ ಕೂತಿದ್ದೆ. ಲಿಂಗ ಅಂಗೈಲಿತ್ತು. ವಿಭೂತಿ ಹಚ್ಚಿ ಆಗಿತ್ತು, ಪತ್ರೆ ಏರಿಸ್ಬೇಕಿತ್ತು. ಅಷ್ಟರಲ್ಲಿ ಬಚ್ಚಲಲ್ಲಿ ಇವರು ಜಾರಿ ಬಿದ್ದ ಸದ್ದು. ಏನು ಮಾಡ್ಲಿ? ಮಂಚದ ಮೇಲೆ ಮಡಿವಸ್ತ್ರ ಹಾಸಿ ಲಿಂಗ ಇಟ್ಟು ಓಡ್ದೆ. ಇವರನ್ನ ಎಬ್ಬಿಸ್ಕೊಂಡು ಬರೋದ್ರೊಳಗೆ ಇಲ್ಲ. ವಸ್ತ್ರಾನೂ ಇಲ್ಲ."

"ಬಾಗಿಲು?"

"ತೆಗೆದೇ ಇತ್ತು."

"ಬೇರೆ ಏನು ಹೋಗಿದೆ?"

"ಏನೂ ಹೋಗಿಲ್ಲ. ಕರಡಿಗೆ ಅಲ್ಲೇ ಇತ್ತು. ನನ್ನ ಬಳೆ ದಿಂಬಿನ ಪಕ್ಕ ಇತ್ತು. ಇವರ ಗಡಿಯಾರ, ದುಡ್ಡು, ಎಲ್ಲ ಇದ್ದಹಾಗೇ ಇದೆ."

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಅಂಜಿನಮೂರ್ತಿ ತಲೆಯೆತ್ತಿ, "ಬೆಳ್ಳಿ ಬುಟ್ಟು ಕಲ್ಲು ತಗಂಡು ಹೋಗೋ ಕಳ್ಳ ಯಾವನಮ್ಮ?" ಎಂದ.

"ಕಲ್ಲು ಅಂತ ಇನ್ನೊಂದ್ಸಲ ಅಂದ್ರೆ ನಿನ್ನ ಪೆನ್ನು ಕಿತ್ಕೊಳ್ತೀನಿ ಕಣಪ್ಪ. ಹತ್ತೊಂಬತ್ತನೇ ವಯಸ್ಸಲ್ಲಿ ಗುರುಗಳು ಕಟ್ಟಿದ್ದು ಅದು. ಇವತ್ತಿನ ತನಕ ಕೈಯಿಂದ ಕೆಳಗೆ ಇಟ್ಟೋಳಲ್ಲ ನಾನು."

ಶಂಕರಲಿಂಗಪ್ಪನವರು ಯಶೋದಳ ಕಡೆ ಬಾಗಿ ದನಿ ತಗ್ಗಿಸಿದರು. "ಮೇಡಂ, ಇವಳಿಗೆ ಸಕ್ಕರೆ ಕಾಯಿಲೆ. ಲಿಂಗಪೂಜೆ ಆಗದೆ ಇವಳು ಬಾಯಿಗೆ ನೀರು ಹಾಕಲ್ಲ. ಮಾತ್ರೆ ತಗೊಂಡಿಲ್ಲ, ತಿಂಡಿ ಮುಟ್ಟಿಲ್ಲ. ಮಠದ ಮಹಾಲಿಂಗಯ್ಯನವರಿಗೆ ಹೇಳಿ ಬೇರೆ ಲಿಂಗ ಕಟ್ಟಿಸ್ತೀನಿ ಅಂದ್ರೂ ಕೇಳ್ತಿಲ್ಲ."

"ಹೆಂಗ್ರೀ ಕೇಳ್ಲಿ? ಅದು ಎಲ್ಲೋ ಚರಂಡೀಲಿ ಬಿದ್ದಿರುತ್ತೆ, ನಾನು ಇಲ್ಲಿ ಇನ್ನೊಂದು ಕಟ್ಕೊಂಡು ಉಪ್ಪಿಟ್ಟು ತಿನ್ಲಾ? ಅದು ಎಲ್ಲಿದೆ ಅಂತ ಗೊತ್ತಾಗ್ಲಿ. ಆಮೇಲೆ ನೋಡೋಣ."

ಐ.ಡಿ.ಹಳ್ಳಿಯ ಕಡೆ ಕುರಿ ಮೇಯಿಸಿ ಬಾಳಿದ ಮನೆತನ ಯಶೋದಳದು. ಲಿಂಗ ಕಟ್ಟುವ ಪದ್ಧತಿ ಅವರಲ್ಲಿ ಇರಲಿಲ್ಲ. ಆದರೆ ಅವಳ ತಾಯಿಯೂ ಶನಿವಾರ ದೇವರ ಪಟದ ಮುಂದೆ ದೀಪ ಹಚ್ಚದೆ ತುತ್ತು ಎತ್ತುತ್ತಿರಲಿಲ್ಲ. ಆ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಈ ಹೆಂಗಸಿನೊಂದಿಗೆ ವಾದಿಸಿ ಫಲವಿಲ್ಲವೆಂದು ಅವಳಿಗೆ ತಿಳಿಯಿತು.

ದೂರು ಬರೆಸಿಕೊಂಡು, ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಎಫ್‌ಐಆರ್ ದಾಖಲಿಸಿ, ಅವಳು ಲಾಡ್ಜಿಗೆ ಹೊರಟಳು.

ಗಿರಿಜಾ ಲಾಡ್ಜಿನ ಮಹಡಿಯಲ್ಲಿ ಒಂದೇ ಸಾಲಿಗೆ ನಾಲ್ಕು ಕೋಣೆ, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ಬಚ್ಚಲು. ಬಿಸಿನೀರು ಬೇಕೆಂದರೆ ಕೆಳಗಿನ ಹಂಡೆಯಿಂದ ಬಕೆಟ್ಟಿನಲ್ಲಿ ಬರಬೇಕು. ಕಿಟಕಿ ತೆರೆದರೆ ಬೆಟ್ಟದ ಬಂಡೆ ಕಾಣುತ್ತಿತ್ತು. ಜೊತೆಗೆ ಸಿರಾ, ಕೊರಟಗೆರೆ ಎಂದು ಕೂಗುವ ಕಂಡಕ್ಟರುಗಳ ದನಿಯೂ ಒಳಗೆ ಬರುತ್ತಿತ್ತು. ಬೆಟ್ಟ ಹತ್ತಲು ಬಂದವರು, ಕೋರ್ಟಿಗೆ ಬಂದವರು, ಆಸ್ಪತ್ರೆಗೆ ಬಂದವರು ಇಲ್ಲಿ ಒಂದೆರಡು ರಾತ್ರಿ ಕಳೆದು ಹೋಗುತ್ತಿದ್ದರು. ಹೊದಿಕೆ ತೆಳು; ಆದರೆ ಒಗೆದದ್ದು.

ಪಂಚರ ಸಮಕ್ಷಮ ಕೋಣೆಯ ಪಂಚನಾಮೆ ಮುಗಿಯಿತು. ಮಂಚದ ಮೇಲೆ ಒಂದು ಬಿಲ್ವಪತ್ರೆ ಇನ್ನೂ ಹಸಿಯಾಗಿ ಬಿದ್ದಿತ್ತು.

ಮ್ಯಾನೇಜರ್ ರಂಗರಾಜು ಕೈ ಹೊಸೆಯುತ್ತ ನಿಂತಿದ್ದ. "ಮೇಡಂ, ನಮ್ಮ ಲಾಡ್ಜಲ್ಲಿ ಇಂಥದ್ದು ಆಗಿಲ್ಲ. ಕಸ ಗುಡಿಸೋ ಚಿಕ್ಕಹನುಮಕ್ಕನ್ನ ಒಂದು ಮಾತು ಕೇಳಿ. ಮೇಲೆ ಇದ್ದಿದ್ದು ಅವಳೇ."

ಮೆಟ್ಟಿಲ ಕೆಳಗಿದ್ದ ಚಿಕ್ಕಹನುಮಕ್ಕ ಪೊರಕೆ ಹಿಡಿದೇ ಮೇಲೆ ಬಂದಳು.

"ಹಾಕ್ಬುಡಿ ಸಾಮಿ, ನನ್ ಮೇಲೇ ಹಾಕ್ಬುಡಿ. ಕದಿಯೋಳಾದ್ರೆ ಬಳೆ ಬುಟ್ಟು ಹೋಯ್ತಿದ್ನಾ? ನಿಮ್ ಬಚ್ಚಲಿನ್ ಪಾಚಿ ತೆಗೆಸಿ ಅಂತ ಬಾಯ್ ಬಡ್ಕಂಡೆ. ಮೇಷ್ಟ್ರು ಜಾರಿದ್ದು ನಿಮ್ಮಿಂದ್ಲೇ ಕಣ್ರಿ."

ರಂಗರಾಜು ಬೆಟ್ಟದ ಕಡೆ ಮುಖ ತಿರುಗಿಸಿದ.

"ಆ ಹೊತ್ತಿಗೆ ನೀನು ಎಲ್ಲಿದ್ದೆ ಅಕ್ಕ?" ಎಂದಳು ಯಶೋದ.

"ಮೆಟ್ಲು ತೊಳೀತಿದ್ದೆ ಕಣಮ್ಮ."

"ಯಾರಾದ್ರೂ ಮೇಲೆ ಹೋದ್ರಾ?"

"ಒಬ್ರೂ ಹತ್ಲಿಲ್ಲ. ಇಳ್ದಿದ್ದು ಒಬ್ರೇ, ನಾಕನೇ ರೂಮಿನ ಅಮ್ಮ. ಪಾಪ, ಗಂಡ ಆಸ್ಪತ್ರೇಲವ್ನೆ. ಮೆಟ್ಲು ಒದ್ದೆ ಅಂತ ಚಪ್ಲಿ ಕೈಲಿ ಹಿಡ್ಕಂಡು ಇಳುದ್ರು. ದಿನಾ ಬಿಸಿನೀರಿಗೆ ಪ್ಲಾಸ್ಕು ಕೊಡೋರು, ಇವತ್ತು ಮಾತೇ ಆಡ್ಲಿಲ್ಲ."

ಉಳಿದ ಎರಡು ಕೋಣೆಗಳು ಖಾಲಿ. ಬೆಟ್ಟ ಹತ್ತುವವರು ಬೆಳಗಿನ ಜಾವವೇ ಹೋಗಿದ್ದರು. ನಾಲ್ಕನೇ ಕೋಣೆಯಾಕೆಯ ಹೆಸರು ಪುಷ್ಪಾವತಿ, ಊರು ತೋವಿನಕೆರೆ. ಯಾವ ಆಸ್ಪತ್ರೆ ಎಂದು ರಂಗರಾಜುವಿಗೆ ಗೊತ್ತಿರಲಿಲ್ಲ.

ಯಶೋದ ಕರಡಿಗೆಯನ್ನು ತಿರುಗಿಸಿ ನೋಡಿದಳು. ಕೊರಳಿಗೆ ಹಾಕುವ ದಾರ, ಶಿವದಾರ, ಅದಕ್ಕೇ ಬಿಗಿದಿತ್ತು.

"ದಾರ ಇಲ್ಲೇ ಉಳಿದಿದೆ ಮೂರ್ತಿ. ತಗೊಂಡು ಹೋದವರು ಮಾರೋದಕ್ಕೆ ತಗೊಂಡಿಲ್ಲ. ಕಟ್ಟೋದಕ್ಕೆ ಅನ್ನೋದಾದ್ರೆ ಹೊಸ ದಾರ ಬೇಕಲ್ಲ. ಎಲ್ಲಿ ಸಿಗುತ್ತೆ?"

"ಪೇಟೆ ಬೀದೀಲಿ ಗ್ರಂಧಿಗೆ ಅಂಗಡಿ ಐತೆ ಮೇಡಂ. ಪೂಜೆ ಸಾಮಾನೆಲ್ಲ ಅಲ್ಲೇ."

ಅಂಗಡಿಯ ಮುದುಕ ದೊಡ್ಡಹನುಮಯ್ಯನಿಗೆ ನೆನಪಿತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಂದ ಮೊದಲ ಗಿರಾಕಿ.

"ಶಿವದಾರ, ವಿಭೂತಿ, ಪತ್ರೆ. ಕರಡಿಗೆ ಬೇಕೇನಮ್ಮ ಅಂದೆ, ಬೇಡ ಅಂದ್ರು. ಒಂದು ಕೈ ಸೆರಗಿನೊಳಗೇ ಇತ್ತು, ಹೊರಗೆ ತೆಗೀಲೇ ಇಲ್ಲ. ಬರಿಗಾಲು. ಚಪ್ಪಲಿ ಬ್ಯಾಗಲ್ಲಿ ಇಣುಕ್ತಿತ್ತು, ಕಾಲಿಗೆ ಮಾತ್ರ ಹಾಕಿಲ್ಲ. ಹರಕೆ ಏನೋ ಅಂದ್ಕೊಂಡೆ."

ಬೀದಿ ಒಣಗಿತ್ತು, ಜಲ್ಲಿ ಎದ್ದಿತ್ತು. ಕೈಯಲ್ಲಿ ಲಿಂಗ ಹಿಡಿದು ಚಪ್ಪಲಿ ಮೆಟ್ಟಲಾರದೆ ಆ ಜಲ್ಲಿಯ ಮೇಲೆ ನಡೆದುಹೋದ ಹೆಂಗಸು. ಯಶೋದ ಠಾಣೆಯಲ್ಲಿ ಎಷ್ಟೋ ಕಳ್ಳರನ್ನು ಕಂಡಿದ್ದಳು. ಇಂಥವರನ್ನು ಕಂಡಿರಲಿಲ್ಲ.

ಊರಿನ ಆಸ್ಪತ್ರೆಗಳನ್ನು ಒಂದೊಂದಾಗಿ ಕೇಳುತ್ತ ಹೋಗುವುದರಲ್ಲಿ ಮಧ್ಯಾಹ್ನ ಕಳೆಯಿತು. ನಡುವೆ ಶಂಕರಲಿಂಗಪ್ಪನವರ ಫೋನು ಬಂತು. ಕಮಲಾಕ್ಷಮ್ಮನವರು ತಲೆ ಸುತ್ತಿ ಮಲಗಿದ್ದಾರೆ. ನೀರು ಸಹ ಬೇಡವೆನ್ನುತ್ತಿದ್ದಾರೆ. ಅವರನ್ನು ಬಿಟ್ಟು ಬರಬೇಡವೆಂದು ಯಶೋದ ಕಾನ್‌ಸ್ಟೆಬಲ್ ದಿವ್ಯಳನ್ನು ಲಾಡ್ಜಿಗೆ ಕಳಿಸಿದಳು.

ನಾಲ್ಕೂವರೆಗೆ, ಒಂದು ಸಣ್ಣ ನರ್ಸಿಂಗ್ ಹೋಮಿನ ಹಿಂಬದಿಯ ವಾರ್ಡಿನಲ್ಲಿ ಪುಷ್ಪಾವತಿ ಸಿಕ್ಕಳು. ಐವತ್ತರ ಹೆಂಗಸು. ಮಂಚದ ಮೇಲಿದ್ದ ಗಂಡ ಮರುಳಪ್ಪನಿಗೆ ಚಮಚೆಯಲ್ಲಿ ನೀರು ಬಿಡುತ್ತಿದ್ದಳು. ಲಕ್ವ ಹೊಡೆದು ಅವನ ಬಲಗೈ, ಬಾಯಿ ಬಿದ್ದುಹೋಗಿದ್ದವು. ಎಡಗೈ ಮಾತ್ರ ಎದೆಯ ಮೇಲೆ, ಹೊಸ ದಾರದಲ್ಲಿ ಕಟ್ಟಿದ ಬಿಳಿಯ ಗಂಟೊಂದನ್ನು ಮುಚ್ಚಿಕೊಂಡಿತ್ತು.

ಖಾಕಿ ಕಂಡೊಡನೆ ಅವಳು ಚಮಚೆ ಕೆಳಗಿಟ್ಟಳು. ಹೊರಗಿನ ಪಡಸಾಲೆಗೆ ತಾನೇ ನಡೆದು ಬಂದಳು.

"ಆ ಲಿಂಗ ಯಾರದು?"

"ಪಕ್ಕದ ರೂಮಿನ ಅಮ್ಮನದು. ನಾನೇ ತಗೊಂಡೆ."

"ಬೆಳ್ಳಿ ಯಾಕೆ ಬಿಟ್ಟೆ?"

"ಬೆಳ್ಳಿ ನಂಗ್ಯಾಕಮ್ಮ?"

"ನಿನ್ನ ಗಂಡನ ಲಿಂಗ ಏನಾಯ್ತು?"

ಅವಳು ಗೋಡೆಗೆ ಒರಗಿದಳು. "ತುಮಕೂರಲ್ಲಿ ಸ್ಕ್ಯಾನಿಂಗ್ ಮಾಡ್ಸುವಾಗ ಬಿಚ್ಚಿ ನನ್ ಕೈಗೆ ಕೊಟ್ರು. ಕರ್ಚೀಫಲ್ಲಿ ಕಟ್ಟಿ ಬಟ್ಟೆ ಬ್ಯಾಗಲ್ಲಿಟ್ಟೆ. ಬರೋ ದಾರೀಲಿ ಇವರು ಬಸ್ಸಲ್ಲಿ ವಾಲಿಬಿಟ್ರು. ಇವರನ್ನ ಹಿಡ್ಕೊಂಡು ಇಳ್ದೆ, ಬ್ಯಾಗು ಅಲ್ಲೇ ಉಳೀತು. ಡಿಪೋಗೂ ಹೋಗಿ ಕೇಳ್ದೆ. ಸಿಗ್ಲಿಲ್ಲ."

"ಮಠದಲ್ಲಿ ಕೇಳಿದ್ರೆ ಬೇರೆ ಕೊಡ್ತಿದ್ರಲ್ಲ."

"ಗುರುಗಳು ಬಂದು ಕಿವೀಲಿ ಮಂತ್ರ ಹೇಳಿ ಕಟ್ಬೇಕು. ಕಳೆದುಹೋಯ್ತು ಅಂತ ಇವರಿಗೆ ಗೊತ್ತಾಗ್ಬಿಡ್ತಿತ್ತಲ್ಲ. ಇವರು ಹೊಲಕ್ಕೆ ಹೋದ್ರೂ ಪೂಜೆ ಬಿಟ್ಟೋರಲ್ಲಮ್ಮ. ಮಾತು ಹೋಗೈತೆ, ಬುದ್ಧಿ ಹೋಗಿಲ್ಲ. ಆ ಕೈ ಹಗಲೂ ರಾತ್ರಿ ಎದೆ ಮೇಲೆ ತಡಕಾಡ್ತಿತ್ತು. ನನ್ ಮುಖ ನೋಡೋರು, ತಡಕೋರು. ಬೆಳಿಗ್ಗೆ ಆ ಬಾಗಿಲ ಮುಂದೆ ಬರ್ತಾ ಇದ್ದೆ, ಕಣ್ಣಿಗೆ ಬಿತ್ತು. ಅಷ್ಟೇ ಕಣಮ್ಮ."

ಗುರುತಿಸಲೆಂದು ದಿವ್ಯ ದಂಪತಿಗಳನ್ನು ಆಟೋದಲ್ಲಿ ಕರೆತಂದಳು. ಕಮಲಾಕ್ಷಮ್ಮನವರ ತುಟಿ ಒಣಗಿ ಬಿರಿದಿತ್ತು, ನಾಲಿಗೆ ಒಣಗಿರಲಿಲ್ಲ.

"ಯಾವಳೇ ಅವಳು? ಲಿಂಗವಂತರ ಮನೇಲಿ ಹುಟ್ಟಿ ಲಿಂಗ ಕದಿಯೋದಾ? ಮುಖ ತೋರ್ಸು ನೋಡ್ತೀನಿ."

ಪುಷ್ಪಾವತಿ ತಲೆ ತಗ್ಗಿಸಿ ಕೈ ಮುಗಿದಳು.

"ಗಂಟು ಬಿಚ್ಚಿ ತೋರಿಸ್ಬೇಕಮ್ಮ," ಎಂದಳು ಯಶೋದ.

ಪುಷ್ಪಾವತಿ ಗಂಡನ ಕಿವಿಯ ಹತ್ತಿರ ಬಾಗಿ, "ಪೂಜೆ ಹೊತ್ತಾಯ್ತುರೀ," ಎಂದಳು. ಎದೆಯ ಮೇಲಿನ ಕೈ ಸರಿಯಿತು. ಸರಿದು, ಯಾರೂ ಹೇಳದೆ, ಅಂಗೈ ಮೇಲಾಗಿ ತಾನೇ ತೆರೆದುಕೊಂಡಿತು. ಅವಳು ಗಂಟು ಬಿಚ್ಚಿ ಲಿಂಗವನ್ನು ಆ ಅಂಗೈಯಲ್ಲಿಟ್ಟಳು. ಲಿಂಗಕ್ಕೆ ಲೇಪಿಸಿದ ಕಪ್ಪು ಕಂತಿಯ ಒಂದು ಮಗ್ಗುಲಲ್ಲಿ, ದೂರಿನಲ್ಲಿ ಬರೆಸಿದಂತೆಯೇ, ಕೂದಲೆಳೆಯ ಬಿರುಕಿತ್ತು.

"ಇದೇನಾ ಅಮ್ಮ?"

ಕಮಲಾಕ್ಷಮ್ಮನವರು ಮುಂದೆ ಬಾಗಿದರು. ಮೊದಲು ಲಿಂಗವನ್ನು ನೋಡಿದರು, ಆಮೇಲೆ ಆ ಮನುಷ್ಯನ ಮುಖವನ್ನು ನೋಡಿದರು. ಬಾಗಿಲಲ್ಲಿ ಕುಂಟುಗಾಲಲ್ಲಿ ನಿಂತಿದ್ದ ತಮ್ಮ ಗಂಡನ ಕಡೆಗೊಮ್ಮೆ ತಿರುಗಿದರು.

"ಇದೇ," ಎಂದರು. "ಪತ್ರೆ ಎಲ್ಲಿ?"

ಪುಷ್ಪಾವತಿ ಪೊಟ್ಟಣ ಮುಂದೆ ಹಿಡಿದಳು. ಕಮಲಾಕ್ಷಮ್ಮನವರು ಒಂದು ದಳ ಆರಿಸಿ, ಕಣ್ಣಿಗೊತ್ತಿಕೊಂಡು, ಮರುಳಪ್ಪನ ಅಂಗೈಯಲ್ಲಿದ್ದ ಲಿಂಗದ ಮೇಲೆ ಏರಿಸಿದರು. ಬೆಳಿಗ್ಗೆ ಅರ್ಧಕ್ಕೆ ನಿಂತ ಪೂಜೆ ಅಲ್ಲಿ ಮುಗಿಯಿತು. ಮರುಳಪ್ಪನ ಕಣ್ಣಿನ ಕೊನೆಯಿಂದ ನೀರು ಇಳಿದು ದಿಂಬಿಗೆ ಹೋಯಿತು.

"ಇಲ್ಲೇ ಇರ್ಲಿ," ಎಂದು ಅವರು ಹಿಂದೆ ಸರಿದರು. "ಇವನ ಕೈಯಿಂದ ಕಿತ್ಕೊಳ್ಳೋದು ನನ್ನಿಂದಾಗಲ್ಲ. ಎಲ್ಲಿದೆ ಅಂತ ಗೊತ್ತಾಯ್ತಲ್ಲ. ರೀ, ಮಹಾಲಿಂಗಯ್ಯನವರಿಗೆ ಹೇಳಿ ಕಳಿಸಿ. ನಾನು ಬೇರೆ ಕಟ್ಕೊಳ್ತೀನಿ."

"ಹಾಗಾದ್ರೆ ದೂರು?" ಅಂಜಿನಮೂರ್ತಿ ಕೇಳಿದ.

"ದೂರು ಹಂಗೇ ಇರ್ಲಿ. ಕದ್ದಿದ್ದು ಕದ್ದಿದ್ದೇ. ಕೇಳಿದ್ರೆ ನಾನೂ ಕೊಡ್ತಿರಲಿಲ್ವೇನೋ, ಅದು ಬೇರೆ ಮಾತು."

ಲಿಂಗವನ್ನು ಇದ್ದಲ್ಲಿಯೇ ಪಂಚರಿಗೆ ತೋರಿಸಿ, ಫೋಟೋ ತೆಗೆದು, ಮಹಜರು ಬರೆದು, ನ್ಯಾಯಾಲಯ ಕೇಳಿದಾಗ ಹಾಜರುಪಡಿಸುವ ಮುಚ್ಚಳಿಕೆ ಬರೆಸಿಕೊಂಡು, ಯಶೋದ ಅದನ್ನು ಕಮಲಾಕ್ಷಮ್ಮನವರ ಸುಪರ್ದಿಗೆ ಕೊಟ್ಟಳು. ಅವರು ಅದನ್ನು ಮರುಳಪ್ಪನ ಅಂಗೈಯಲ್ಲೇ ಬಿಟ್ಟರು.

"ಮೇಡಂ, ಈಯಮ್ಮನ್ನ ದಸ್ತಗಿರಿ ಮಾಡಾಣ್ವಾ?"

ಯಶೋದ ಕಿಟಕಿಯಾಚೆ ನೋಡಿದಳು. "ಹೊತ್ತು ಮುಳುಗ್ತು. ಹೊತ್ತು ಮುಳುಗಿದ ಮೇಲೆ ಹೆಂಗಸರನ್ನ ದಸ್ತಗಿರಿ ಮಾಡೋ ಹಾಗಿಲ್ಲ."

ಅಂಜಿನಮೂರ್ತಿ ಬಗ್ಗಿ ನೋಡಿದ. ಬೆಟ್ಟದ ನೆತ್ತಿಯ ಮೇಲೆ ಇನ್ನೂ ಬೆರಳಗಲ ಬಿಸಿಲಿತ್ತು. "ಬಿಸ್ಲೈತಲ್ಲ ಮೇಡಂ."

"ನಿನ್ನ ಕಣ್ಣಿಗೂ ಪೊರೆ ಬಂದಿದೆ ಮೂರ್ತಿ. ಮೇಷ್ಟರ ಡಾಕ್ಟರ ಹತ್ರ ತೋರಿಸ್ಕೋ."

ವಾರ್ಡಿನ ಬಾಗಿಲಲ್ಲಿ ಕಾವಲಿಗೆ ದಿವ್ಯ ಕುಳಿತಳು. ಅಂದು ಸಂಜೆ ಲಾಡ್ಜಿನ ಕೋಣೆಯಲ್ಲಿ ಮಹಾಲಿಂಗಯ್ಯನವರು ಹೊಸ ಲಿಂಗ ಕಟ್ಟಿದರು. ಬೆಳ್ಳಿ ಕರಡಿಗೆ ತುಂಬಿತು. ರಂಗರಾಜು ತಾನೇ ಹೋಗಿ ಬಿಸಿ ಅನ್ನ, ಸಾರು ತರಿಸಿಕೊಟ್ಟ. ಕಮಲಾಕ್ಷಮ್ಮನವರು ಉಂಡು, ಮಾತ್ರೆ ನುಂಗಿ, ಸಾರಿಗೆ ಉಪ್ಪು ಕಡಿಮೆಯೆಂದರು.

ಮಂಗಳವಾರ ಬೆಳಿಗ್ಗೆ ಯಶೋದ ವಾರ್ಡಿಗೆ ಬಂದಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ ಕಮಲಾಕ್ಷಮ್ಮನವರು ಕುಳಿತಿದ್ದರು. ಕೈಯಲ್ಲಿ ಗಂಜಿಯ ಲೋಟ, ಚಮಚೆ.

"ನೋಡ್ಕೊಳ್ಳೋರು ಬೇಕಲ್ಲ," ಎಂದರು, ಯಾರೂ ಕೇಳದಿದ್ದರೂ. "ನಮ್ಮನೆಯವರ ಕಣ್ಣಿನ ಡಾಕ್ಟ್ರು ಇನ್ನೆರಡು ದಿನ ಇರಿ ಅಂದವ್ರೆ."

ಕಾರಣವನ್ನು ಓದಿ ಹೇಳಿ, ದಸ್ತಗಿರಿ ಪತ್ರಕ್ಕೆ ಸಹಿ ಹಾಕಿಸಿಕೊಂಡದ್ದಾಯಿತು. ಪುಷ್ಪಾವತಿ ಗಂಡನ ಕೈಯನ್ನೊಮ್ಮೆ ಒತ್ತಿ, ಚಪ್ಪಲಿಯನ್ನು ಮಂಚದ ಕೆಳಗೇ ಬಿಟ್ಟು, ಬರಿಗಾಲಲ್ಲಿ ಬಾಗಿಲಿಗೆ ನಡೆದಳು.

"ಲೇ, ನಿಲ್ಲೇ." ಕಮಲಾಕ್ಷಮ್ಮನವರು ಕಾಲಿನಿಂದ ಚಪ್ಪಲಿಯನ್ನು ಮುಂದಕ್ಕೆ ತಳ್ಳಿದರು. "ಮೆಟ್ಕೊಂಡು ಹೋಗು. ಜಲ್ಲಿ ಚುಚ್ಚುತ್ತೆ. ಈಗ ಕೈಲಿ ಏನೂ ಇಲ್ವಲ್ಲ."

ಪುಷ್ಪಾವತಿ ಚಪ್ಪಲಿ ಮೆಟ್ಟಿದಳು.

ಮಧ್ಯಾಹ್ನ ಅವಳಿಗೆ ಜಾಮೀನು ಸಿಕ್ಕಿತು. ಸಂಜೆ ಯಶೋದ ಕೇಸ್ ಡೈರಿ ತೆರೆದಳು. ಕೃತ್ಯದ ಉದ್ದೇಶವೆಂಬಲ್ಲಿ ಸಾಮಾನ್ಯವಾಗಿ ಬರೆಯುವ ಮಾತು ಒಂದಿತ್ತು, ಅಕ್ರಮ ಲಾಭ. ಪೆನ್ನು ಅಲ್ಲಿ ತಡೆಯಿತು. ಆ ಮಾತು ಬಿಟ್ಟು ಹೀಗೆ ಬರೆದಳು: "ಆರೋಪಿಯು ತನ್ನ ಗಂಡನ ಕೈ ಎದೆಯ ಮೇಲೆ ತಡಕಾಡುವುದನ್ನು ನೋಡಲಾರದೆ ಈ ಕೃತ್ಯ ಎಸಗಿರುತ್ತಾಳೆ."