ತಿರುಗಿದ ಬಾಣ

"ಬಾಣಕ್ಕೇನು ಕಾಲು ಬಂತಾ?"

ಯಾರನ್ನೂ ಉದ್ದೇಶಿಸದೆ ಇನ್ಸ್‌ಪೆಕ್ಟರ್ ಕೇಳಿದರು. ಮೇಜಿನ ಮೇಲೆ ಆಗಷ್ಟೇ ಬಂದ ದೂರು ಇತ್ತು. ಬೆಳಿಗ್ಗೆ ಏಳೂವರೆಗೆ ಕಾಂಕ್ರೀಟ್ ಲಾರಿಯೊಂದು ಹಳೆಯ ಬಡಾವಣೆಯ ದೊಡ್ಡ ಬೀದಿಗೆ ನುಗ್ಗಿ, ತಿರುವಿನಲ್ಲಿ ಕಾಂಪೌಂಡ್ ಗೋಡೆ ಕೆಡವಿತ್ತು. ಗೋಡೆಯ ಪಕ್ಕ ನಡೆದು ಹೋಗುತ್ತಿದ್ದ ನಿವೃತ್ತ ಅಂಚೆಯಣ್ಣನ ಕಾಲು ಮುರಿದಿತ್ತು.

ಬಡಾವಣೆಯ ಬೆನ್ನಿಗೆ ಹೊಸ ಮನೆಗಳ ಕಟ್ಟಡ ಏಳುತ್ತಿದೆ. ಅಲ್ಲಿಗೆ ಹೋಗುವ ಲಾರಿಗಳು ಹಿಂದಿನ ಓಣಿಯನ್ನೇ ಹಿಡಿಯಬೇಕೆಂದು ತೀರ್ಮಾನವಾಗಿ, ಕವಲಿನಲ್ಲಿ ಬಾಣದ ಫಲಕ ನಿಂತಿತ್ತು. ಇವತ್ತು ಆ ಬಾಣ ಬೀದಿಯ ಕಡೆ ತೋರಿಸುತ್ತಿತ್ತು. ಚಾಲಕ ಹೊಸಬ, ಬಾಣವನ್ನು ನಂಬಿದ.

ದೂರು ತಂದವರು ನಿವಾಸಿಗಳ ಸಂಘದ ಅಧ್ಯಕ್ಷರು. "ಬಿಲ್ಡರ್ ಕಡೆಯವರದ್ದೇ ಕೈವಾಡ ಸಾರ್. ಬೀದೀಲಿ ಬಂದ್ರೆ ಅವರಿಗೆ ಹತ್ತಿರ."

"ಕಣ್ಣಾರೆ ಕಂಡವರು?"

"ಕಾಣಬೇಕಾ? ಗೊತ್ತಾಗುತ್ತೆ."

"ಗೊತ್ತಾಗಿದ್ದನ್ನೆಲ್ಲ ಬರೆಯೋಕೆ ಹೋದ್ರೆ ನಮ್ಮ ದಫೇದಾರರ ಕೈ ಬಿದ್ದುಹೋಗುತ್ತೆ," ಎಂದು ಇನ್ಸ್‌ಪೆಕ್ಟರ್ ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಿಸಲು ಹೇಳಿದರು.

ಒಂಬತ್ತಕ್ಕೆ ಕವಲಿನಲ್ಲಿ ಪಂಚನಾಮೆ ಆಯಿತು. ಫಲಕದ ತಂತಿಯನ್ನು ಬಿಚ್ಚಿ, ತಿರುಗಿಸಿ, ಮತ್ತೆ ಬಿಗಿಯಲಾಗಿತ್ತು. ಫೋಟೊ ತೆಗೆದ ಮೇಲೆ ಇನ್ಸ್‌ಪೆಕ್ಟರೇ ಬಾಣವನ್ನು ಓಣಿಯತ್ತ ತಿರುಗಿಸಿ ನಿಲ್ಲಿಸಿದರು.

ಕಟ್ಟಡದ ಎಂಜಿನಿಯರ್ ಅಳುವುದೊಂದು ಬಾಕಿ. "ಲಾರೀಲೇ ಕಾಂಕ್ರೀಟ್ ಗಟ್ಟಿಯಾಗ್ತಿದೆ ಸಾರ್. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಳ್ತೀನಾ? ಆ ತಿರುವಲ್ಲಿ ಲಾರಿ ಹೊರಳಲ್ಲ ಅಂತ ಮೊದಲ ದಿನಾನೇ ಅಳೆದು ನೋಡಿದ್ದೀವಿ."

ಇನ್ಸ್‌ಪೆಕ್ಟರಿಗೆ ಮಾತು ನಿಜವೆನಿಸಿತು. ಲಾರಿ ಹೋಗಬೇಕಾಗಿದ್ದ ದಾರಿಯನ್ನೂ ಒಮ್ಮೆ ನೋಡೋಣವೆಂದು ದಫೇದಾರರೊಂದಿಗೆ ಓಣಿಗೆ ಹೊರಟರು.

ಓಣಿ ಸಿಮೆಂಟ್ ಬಣ್ಣಕ್ಕೆ ತಿರುಗಿತ್ತು. ಗಿಡದ ಎಲೆ, ಮೆಟ್ಟಿಲು, ನಿಲ್ಲಿಸಿದ ಸೈಕಲ್ಲು, ಎಲ್ಲಕ್ಕೂ ಒಂದೇ ಬಣ್ಣ. ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ಮನೆಯ ಮುಂದೆ ಮಾತ್ರ ಹಗ್ಗದ ತುಂಬ ಬಿಳಿ ಹೊದಿಕೆಗಳು.

ಎದುರು ಮನೆಯ ಹೊಲಿಗೆಯಾಕೆ ಬಾಗಿಲ ಸಂದಿನಿಂದ ಮುಖ ಹೊರಹಾಕಿ ಹೇಳಿದಳು: "ಲಾರಿ ಶುರುವಾದ ಮೇಲೆ ನಾವ್ಯಾರೂ ಹೊರಗೆ ಬಟ್ಟೆ ಹಾಕಿಲ್ಲ ಸಾರ್. ಹಾಕಿದ್ರೆ ಒಗೆದಿದ್ದೂ ಮಣ್ಣುಪಾಲು. ಇವತ್ತು ಅವಳಿಗೇನು ಧೈರ್ಯವೋ!"

ಇನ್ಸ್‌ಪೆಕ್ಟರ್ ಹೊದಿಕೆಯೊಂದನ್ನು ಮುಟ್ಟಿದರು. ದಪ್ಪ ಬಟ್ಟೆ, ಆಗಲೇ ಮುಕ್ಕಾಲು ಒಣಗಿತ್ತು. ಹಾಗಾದರೆ ಇದನ್ನು ಹರವಿದ್ದು ಗೋಡೆ ಬೀಳುವ ಮೊದಲೇ. ಇವತ್ತು ಓಣಿಗೆ ಲಾರಿ ಬರುವುದಿಲ್ಲವೆಂದು ಆಗ ಗೊತ್ತಿದ್ದವರು ಒಬ್ಬರೇ.

ಮಹಿಳಾ ಕಾನ್‌ಸ್ಟೆಬಲ್‌ಗೆ ಫೋನ್ ಮಾಡಿ ಕರೆಸಿದರು. ಹೊದಿಕೆ ಹರವಿದ್ದ ಮನೆಯೊಳಗೆ ವಯಸ್ಸಾದ ದನಿಯೊಂದು ಪ್ರಾರ್ಥನೆ ಹೇಳುತ್ತಿತ್ತು. ಪ್ರತಿ ಸಾಲಿನ ನಡುವೆ ಉಸಿರು ಕಡಿದು, ಬಿಟ್ಟಲ್ಲಿಂದ ಮತ್ತೆ ಮೇಲೇಳುತ್ತಿತ್ತು. ದಫೇದಾರರು ಬಾಗಿಲು ತಟ್ಟಲು ಕೈ ಎತ್ತಿದಾಗ ಇನ್ಸ್‌ಪೆಕ್ಟರ್ ಬೇಡವೆಂದು ಸನ್ನೆ ಮಾಡಿದರು. ಪ್ರಾರ್ಥನೆ ಮುಗಿಯಿತು. ಆಮೇಲೆ ತಟ್ಟಿದರು.

ಬಾಗಿಲು ತೆರೆದವಳು ಆ ಮನೆಯ ಸೊಸೆ. ಖಾಕಿ ಕಂಡೊಡನೆ ಕೇಳಿದ್ದು ಒಂದೇ ಮಾತು: "ಅಂಚೆಯಣ್ಣ ಹೇಗಿದ್ದಾರೆ?"

"ಕಾಲಿಗೆ ಪಟ್ಟಿ ಹಾಕಿದ್ದಾರೆ. ಫಲಕ ತಿರುಗಿಸಿದ್ದು ನೀವಾ?"

"ಹೌದು."

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಲಾರಿಯವನು ಬೀದಿ ನೋಡಿ ಹಿಂದಕ್ಕೆ ಹೋಗ್ತಾನೆ ಅಂದ್ಕೊಂಡೆ. ನುಗ್ಗಿಬಿಡ್ತಾನೆ ಅಂತ ಹೊಳೀಲೇ ಇಲ್ಲ."

"ಸಂಘಕ್ಕೆ ಹೇಳಬಹುದಿತ್ತಲ್ಲ?"

"ಲಾರಿ ಎಲ್ಲಿ ಹೋಗ್ಬೇಕು ಅಂತ ಸಭೆ ಮಾಡಿದ್ರಲ್ಲ ಸಾರ್, ಅದಕ್ಕೆ ಓಣಿಯವರನ್ನ ಕರೀಲಿಲ್ಲ. ಬಾಡಿಗೆಯವರಿಗೇನು ಸಭೆ ಅಂದ್ರಂತೆ."

ಹಿಂದೆಯೇ ಬಂದಿದ್ದ ಅಧ್ಯಕ್ಷರು ಚಪ್ಪಲಿ ಸರಿಪಡಿಸಿಕೊಳ್ಳತೊಡಗಿದರು.

ಸೊಸೆ ಒಳಕೋಣೆಯ ಕಡೆ ಕಣ್ಣು ತೋರಿಸಿದಳು. ಮಂಚದ ಮೇಲೆ ದಿಂಬಿಗೊರಗಿದ್ದ ಅತ್ತೆಯ ಎದೆ ತಿದಿಯಂತೆ ಏರಿಳಿಯುತ್ತಿತ್ತು. ಪಕ್ಕದ ಕಿಟಕಿ ಹಾರುಹೊಡೆದಿತ್ತು. ಅದರ ಚೌಕಟ್ಟಿನ ಸಂದುಗಳಲ್ಲಿ ಹರಿದ ಅಂಟುಪಟ್ಟಿಯ ಚೂರುಗಳು ಇನ್ನೂ ಅಂಟಿಕೊಂಡಿದ್ದವು.

"ಧೂಳು ಬರಬಾರದು ಅಂತ ನಾನೇ ಅಂಟಿಸಿದ್ದೆ. ಒಳಗಿದ್ದೂ ಇದ್ದೂ ಅತ್ತೆಗೆ ಬೆಳಗು ಯಾವುದು ಬೈಗು ಯಾವುದು ತಿಳೀತಿರಲಿಲ್ಲ. ಒಂದೇ ಒಂದು ದಿನ ತೆಗೆಯೋಣ ಅನ್ನಿಸ್ತು ಸಾರ್. ಅಷ್ಟೇ."

ಮಹಿಳಾ ಕಾನ್‌ಸ್ಟೆಬಲ್ ದಸ್ತಗಿರಿ ಪತ್ರಕ್ಕೆ ಸಹಿ ಹಾಕಿಸಿಕೊಂಡಳು. ಠಾಣೆಯಲ್ಲೇ ಜಾಮೀನು ಸಿಗುವ ಪ್ರಕರಣ, ಸಂಜೆಯೊಳಗೆ ಬಿಡುತ್ತೇವೆ ಎಂದರು ಇನ್ಸ್‌ಪೆಕ್ಟರ್. ಅಲ್ಲಿಯವರೆಗೆ ಅತ್ತೆಯ ಬಳಿ ತಾನಿರುತ್ತೇನೆಂದು ಹೊಲಿಗೆಯಾಕೆ ಒಳಬಂದಳು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಲಾರಿಯ ಗುಡುಗು ಕೇಳಿತು. ಬೆಳಿಗ್ಗೆ ತಾವೇ ತಿರುಗಿಸಿಟ್ಟ ಬಾಣ ನೆನಪಾಗಿ ಇನ್ಸ್‌ಪೆಕ್ಟರ್ ತಲೆ ತಗ್ಗಿಸಿದರು.

ಹೊಸ್ತಿಲು ದಾಟಿದ ಸೊಸೆ ತಿರುಗಿ ನಿಂತಳು. "ಸಾರ್, ಅದೊಂದು ಕಿಟಕಿ ಮುಚ್ಚಿಬಿಡಿ. ಧೂಳು ಕುಡಿದ್ರೆ ಅವರು ತಡ್ಕೊಳ್ಳಲ್ಲ."

ಇನ್ಸ್‌ಪೆಕ್ಟರ್ ಒಳಕೋಣೆಗೆ ಹೋಗಿ ಕಿಟಕಿಯ ಕದದ ಮೇಲೆ ಕೈಯಿಟ್ಟರು. "ಮುಚ್ಚಲಾ ಅಮ್ಮಾ?"

ಮುದುಕಿ ಅವರ ಮಣಿಕಟ್ಟು ಹಿಡಿದುಕೊಂಡಳು. ಉಸಿರು ಸಿಗುವವರೆಗೆ ಕಾದು, ಹೇಳಿದಳು:

"ಬೇಡ. ಅವಳು ಬರೋವರೆಗೂ ಇದನ್ನ ಯಾರೂ ಮುಟ್ಟಕೂಡದು."